ಒಂದೇ ಕೋಟೆಯ ನಾಲ್ಕು ಬಾಗಿಲು

ಮೂರನೆಯ ಅಂಗಿ ಬದಲಿಸುವಾಗ ಪ್ರವೀಣಕುಮಾರ ಸಿಕ್ಕಿಬಿದ್ದ. ಕೋಟೆಗೋಡೆಯ ಮೂಲೆಯಲ್ಲಿ ಬರೀ ಬನಿಯನ್ನಿನಲ್ಲಿ ನಿಂತಿದ್ದವನನ್ನು ಜರ್ಮನ್ ಅಜ್ಜಿಯೊಬ್ಬಳು ಕಳ್ಳನನ್ನು ನೋಡುವಂತೆ ನೋಡಿ, ನಾಯಿಯನ್ನು ಎಳೆದುಕೊಂಡು ನಡೆದಳು. ಅಜ್ಜಿಯ ಅನುಮಾನ ಪೂರ್ತಿ ತಪ್ಪೇನಲ್ಲ.

ಚೀಲದಲ್ಲಿ ಇನ್ನೂ ಒಂದು ಸ್ವೆಟರ್ ಇತ್ತು. ಎರ್ಲಾಂಗೆನ್ನಿನಿಂದ ಬೆಳಗಿನ ರೈಲಿಗೆ ಬಂದು, ಈ ಹಳೆಯ ಊರಿನ ನಾಲ್ಕು ಬಾಗಿಲುಗಳ ಮುಂದೆ ನಾಲ್ಕು ಬಟ್ಟೆಗಳಲ್ಲಿ ನಿಂತರೆ ನಾಲ್ಕು ತಿಂಗಳ ಚಿಂತೆ ಕಳೆಯುತ್ತಿತ್ತು. ತಿಂಗಳಿಗೊಂದು ಫೋಟೋ ಬಾಗಲಕೋಟೆಗೆ ಹೋಗಲೇಬೇಕು. ಅಲ್ಲಿ ತಾಯಿ ಅಂಬವ್ವ ಅಂಚೆಯವನ ದಾರಿ ಕಾಯುತ್ತಿರುತ್ತಾಳೆ. ಕಿವಿ ಮಂದ, ಫೋನಿನಲ್ಲಿ ಏನೂ ಕೇಳಿಸುವುದಿಲ್ಲ. ದೀಪಾವಳಿಯ ನಂತರ ಆಕೆಯ ಎದೆಯ ಆಪರೇಷನ್. ಅಲ್ಲಿಯವರೆಗೆ ಕೆಟ್ಟ ಸುದ್ದಿ ಮುಟ್ಟಿದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು.

ಕೆಟ್ಟ ಸುದ್ದಿಗೇನು ಬರವಿರಲಿಲ್ಲ. ಜರ್ಮನಿ ಕೊಟ್ಟ ಗ್ರೀನ್ ಕಾರ್ಡ್ ಹಿಡಿದು ಕೆಲಸಕ್ಕೆ ಬಂದವರ ಭಾಗ್ಯ ಎರಡೇ ವರ್ಷಕ್ಕೆ ಕೈಕೊಟ್ಟಿತ್ತು. ಮಾರ್ಚಿನಲ್ಲಿ ಕಂಪನಿ ಬಾಗಿಲು ಹಾಕಿತು, ಜೊತೆಯವರು ಗಂಟುಮೂಟೆ ಕಟ್ಟಿದರು. ಮೇ ತಿಂಗಳಿಂದ ಇಟಲಿಯ ಕೋಟೆ ಊರುಗಳನ್ನೆಲ್ಲ ನೋಡುವ ಮನಸ್ಸಿದೆ, ಒಂದೊಂದರ ಫೋಟೋ ಕಳಿಸುತ್ತೇನೆ ಎಂದು ಅಂಬವ್ವನಿಗೆ ಅದಕ್ಕೂ ಮೊದಲೇ ಕಾಗದ ಹೋಗಿತ್ತು. ಮಾರ್ಚಿನಲ್ಲಿ ಆದದ್ದು ಆಗಿಹೋದ ಮೇಲೆ ಇಟಲಿ ಎಲ್ಲಿಯ ಮಾತು? ಪೆನ್ಸಿಲ್ಲಿನಲ್ಲಿ ಊರುಗಳಿಗೆ ಗುರುತು ಹಾಕಿದ ಪುಸ್ತಕವಷ್ಟೇ ಉಳಿದಿತ್ತು. ಆಕೆ ಇಟಲಿಯನ್ನೂ ಕಂಡವಳಲ್ಲ, ಜರ್ಮನಿಯನ್ನೂ ಕಂಡವಳಲ್ಲ. ಕಲ್ಲಿನ ಬಾಗಿಲು ಎಲ್ಲಿಯದಾದರೇನು ಎಂಬುದು ಪ್ರವೀಣನ ಧೈರ್ಯ.

ಅಂಗಿ ಹೆಗಲಿನಿಂದ ಜಾರುತ್ತಿತ್ತು. ಲಾರೆನ್ಸ್ ಬೆನ್ನ ಹಿಂದೆ ಪಿನ್ನು ಚುಚ್ಚಿ ಬಿಗಿ ಮಾಡಿದ. ಉಡುಪಿಯ ಈ ಲಾರೆನ್ಸ್ ಪ್ರವೀಣನ ಜೊತೆ ಒಂದೇ ಮನೆಯಲ್ಲಿ ಇರುವವನು. ಇವತ್ತು ಕ್ಯಾಮೆರಾ ಅವನ ಕೈಯಲ್ಲಿತ್ತು. ಪ್ರವೀಣ ಬೇಕರಿಯ ಗಾಜಿನಲ್ಲಿ ಮುಖ ನೋಡಿಕೊಂಡು, ಮೂಗಿನ ಬಲ ಹೊಳ್ಳೆಯ ಮೇಲೆ ಕಾಡಿಗೆಯ ಸಣ್ಣ ಚುಕ್ಕೆ ಇಟ್ಟುಕೊಂಡ. ದೃಷ್ಟಿಬೊಟ್ಟನ್ನು ಎಲ್ಲರೂ ಗಲ್ಲಕ್ಕೆ ಇಡುತ್ತಾರೆ. ಇವನದು ಪ್ರತಿ ಸಲವೂ ಮೂಗಿಗೇ.

"ಸ್ವಲ್ಪ ನಗು ಮಾರಾಯ," ಎಂದ ಲಾರೆನ್ಸ್. "ಸತ್ತವರ ಹಾಗೆ ನಿಲ್ಬೇಡ."

ಅಂದವನೇ ನಾಲಿಗೆ ಕಚ್ಚಿಕೊಂಡ. ಪ್ರವೀಣ ಹಲ್ಲು ತೋರಿಸಿದ. ಕ್ಯಾಮೆರಾ ಸದ್ದು ಮಾಡಿತು.

ವಾಪಸು ರೈಲಿನಲ್ಲಿ ಅವನು ಹೋದ ಸಲ ತೆಗೆದದ್ದರಲ್ಲಿ ಉಳಿದಿದ್ದ ಫೋಟೋದ ಹಿಂದೆ 'ಸಿಯೆನಾ, ಇಟಲಿ' ಎಂದು ಬರೆದ. ಅದರ ಕೆಳಗೆ, 'ನಿನ್ನ ಮಗ'. ಅದೊಂದರಲ್ಲಿ ಸುಳ್ಳಿರಲಿಲ್ಲ. ಇನ್ನೆಷ್ಟು ದಿನ ಈ ನಾಟಕ ಎಂದು ಲಾರೆನ್ಸ್ ಕೇಳಿದ.

"ಆಕೀ ಎದಿ ಗಟ್ಟಿ ಆಗೂತನಾ," ಎಂದ ಪ್ರವೀಣ. ಅಷ್ಟು ಹೇಳುವುದರಲ್ಲಿ ಅವನಿಗೆ ಅಳು ಬಂತು.

ಮೂಗು ಒರೆಸಿಕೊಳ್ಳಲು ಕರವಸ್ತ್ರ ಹುಡುಕುವಾಗ ಊರಿನ ಕಾಗದ ಕೈಗೆ ಸಿಕ್ಕಿತು. ನಿನ್ನೆ ಬಂದದ್ದನ್ನು ನೋಡದೆಯೇ ಚೀಲಕ್ಕೆ ತುರುಕಿದ್ದ. ಅಂಬವ್ವನ ಕಾಗದ ಒಡೆಯಲು ಈಚೆಗೆ ಅವನಿಗೆ ಕೈಯೇ ಬರುತ್ತಿರಲಿಲ್ಲ. ಲಾರೆನ್ಸ್ ಅದನ್ನು ಇಸಿದುಕೊಂಡು, ತಿರುಗಿಸಿ ಮೇಲಿನ ವಿಳಾಸ ನೋಡಿದ.

"ಈ ಸಲ ನಿನ್ನ ಹೆಸರಿಗೆ ಬರೆದಿದ್ದಾರೆ," ಎಂದ.

ಅಂಬವ್ವ ಹೇಳಿದಂತೆಯೇ ಪಕ್ಕದ ಮನೆಯ ಮಹಾಂತಮ್ಮ ಬರೆದುಕೊಟ್ಟಿದ್ದಳು:

"ಪ್ರವೀಣಾ, ಫೋಟೋ ಮುಟ್ಟಿದವು. ಎರಡು ಕೂಸು ಹೋದ ಮ್ಯಾಲೆ ಹುಟ್ಟಿದಾಂವ, ಇವನರ ಉಳೀಲಿ ಅಂತ ನಿಮ್ಮಣ್ಣನ ಮೂಗು ಚುಚ್ಚಿಸಿದಾಕಿ ನಾನು. ಚುಚ್ಚಿಸಿದ್ದು ಎಡಕ್ಕ. ದಿನಾ ಅವನ ಎದುರಿಗೆ ಕುಂತು ಉಂಡಾಂವ ನೀನು, ನಿನಗದು ಬಲಕ್ಕ ಕಂಡಿರಬೇಕು. ಅವನ ಅಂಗಿ ತೊಟ್ಟು ನಿಂದ್ರಬ್ಯಾಡ ಇನ್ನ. ಅವನ್ನ ಎಲ್ಲಿ ಮಣ್ಣ ಮಾಡಿದಿ, ಆ ಜಾಗಾದ್ದೊಂದು ಫೋಟೋ ಕಳಸು."