ಬೊಮ್ಮಯ್ಯನ ಒಪ್ಪಿಗೆ

ಬೊಮ್ಮಯ್ಯನ ಹೆಸರಿನ ಮುಂದಿದ್ದ ಟಿಕ್ ಗುರುತನ್ನು ಪ್ರಭು ತೆಗೆದ ಕೂಡಲೇ ಪಕ್ಕದಲ್ಲಿದ್ದ ಚಿತ್ತಮ್ಮನ ಟಿಕ್ಕೂ ಮಾಯವಾಯಿತು. ಮೊಳಕಾಲ್ಮೂರಿನ ಆ ಸಣ್ಣ ನೇಕಾರರ ಸಂಘದ ಹೊಸ ಕಂಪ್ಯೂಟರಿನಲ್ಲಿ 'ಬದುಕಿದ್ದಾರೆ' ಎಂಬುದಕ್ಕೆ ಅದೇ ಗುರುತು. ಬೊಮ್ಮಯ್ಯ ತೀರಿಕೊಂಡು ಹದಿನಾರು ದಿನವಾಗಿತ್ತು, ನಿಜ. ಆದರೆ ಅವನ ಹೆಂಡತಿ ಚಿತ್ತಮ್ಮ ಕೈಚೀಲ ಹಿಡಿದು ಎದುರಿನ ಬೆಂಚಿನ ಮೇಲೇ ಕೂತಿದ್ದಳು. ಗುಮಾಸ್ತ ಪ್ರಭು ಅವಳಿಗೆ ಟಿಕ್ ಹಾಕಿದ. ಬೊಮ್ಮಯ್ಯನೂ ಎದ್ದು ಬಂದ.

ಸಂಘ ಕೊಟ್ಟಿದ್ದ ಮನೆಯ ಮಗ್ಗದಲ್ಲಿ ಸೀರೆ ಅರ್ಧಕ್ಕೆ ನಿಂತಿತ್ತು, ರೇಷ್ಮೆ ಮುಗಿದಿತ್ತು. ನಾಳೆ ಸಂಜೆಯೊಳಗೆ ಮಗ್ಗ ಚಿತ್ತಮ್ಮನ ಹೆಸರಿಗಾಗದಿದ್ದರೆ ಸಂಘದವರು ಅದನ್ನು ಬಿಚ್ಚಿಕೊಂಡು ಹೋಗುತ್ತಾರೆ. ಹಾಗಾದರೆ ಇಬ್ಬರೂ ಬದುಕಿದ್ದೇವೆ ಎಂದೇ ಇರಲಿ ಎಂದಳು ಅವಳು. ಆಗ ರೇಷ್ಮೆಗೆ ಬೊಮ್ಮಯ್ಯನೇ ಬಂದು ಸಹಿ ಹಾಕಬೇಕಾಗುತ್ತದೆ ಎಂದ ಪ್ರಭು. ಬೊಮ್ಮಯ್ಯನ ಮಣ್ಣಿಗೆ ಹೋಗಿ ಬಂದವನೇ ಅವನು. ಕಂಪ್ಯೂಟರ್ ಹೋಗಿರಲಿಲ್ಲವಲ್ಲ.

ಪ್ರೋಗ್ರಾಂ ಬರೆದ ಚಳ್ಳಕೆರೆಯ ಮಾರುತೇಶನಿಗೆ ಫೋನ್ ಹೋಯಿತು. ಅವನಿಗೆ ತನ್ನ ಕೆಲಸದ ಮೇಲೆ ಬಲು ಹೆಮ್ಮೆ. ಕೂತು ನೇಯಲು ಒಬ್ಬರು, ಆಚೆ ಅಂಚಿನ ಲಾಳಿ ಎಸೆಯಲು ಒಬ್ಬರು, ಒಂದು ಮಗ್ಗಕ್ಕೆ ಇಬ್ಬರು ಬೇಕೇ ಬೇಕಲ್ಲ. ಅದಕ್ಕೇ ಗಂಡನ ಟಿಕ್ ಚೌಕಗಳನ್ನೂ ಹೆಂಡತಿಯ ಚೌಕಗಳನ್ನೂ ಒಂದಕ್ಕೊಂದು ಕಟ್ಟಿಹಾಕಿದ್ದೇನೆ, ಒಂದು ಬದಲಾದರೆ ಇನ್ನೊಂದು ತಾನಾಗಿ ಬದಲಾಗುತ್ತದೆ, ಎರಡೆರಡು ಸಲ ಬರೆಯುವ ತಾಪತ್ರಯವಿಲ್ಲ ಎಂದು ವಿವರಿಸಿದ. ಒಬ್ಬರು ಸತ್ತರೆ ಏನು ಗತಿ ಎಂದು ಪ್ರಭು ಕೇಳಿದ್ದಕ್ಕೆ, ಹಾಗೂ ಆಗುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ ಎಂದ. ಕೊನೆಗೊಂದು ದಾರಿ ತೋರಿಸಿದ. ಕೆಳಗೆ 'ಬೇರ್ಪಡಿಸು' ಎಂಬ ಗುಂಡಿ ಇದೆ. ಒತ್ತಿದರೆ ಕಟ್ಟು ಬಿಚ್ಚುತ್ತದೆ. ಆದರೆ ಅದಕ್ಕೆ ಗಂಡ ಹೆಂಡತಿ ಇಬ್ಬರೂ ಒಪ್ಪಬೇಕು.

ಪ್ರಭು ಫೋನ್ ಇಟ್ಟು ತಲೆಯ ಮೇಲೆ ಕೈ ಹೊತ್ತ. "ಅವ್ರ ಒಪ್ಪಿಗೆ ಎಲ್ಲಿಂದ ತರ್ಲಿ ಅಕ್ಕಾ?"

"ನಂದಂತೂ ಐತೆ. ನಂದು ಒತ್ತಪ್ಪ, ಆಮೇಲೆ ನೋಡಾನ."

ಒತ್ತಿದ. ಚಿತ್ತಮ್ಮನ ಒಪ್ಪಿಗೆಯ ಚೌಕದಲ್ಲಿ ಟಿಕ್ ಬಿತ್ತು. ಬೊಮ್ಮಯ್ಯನ ಚೌಕದಲ್ಲೂ ಬಿತ್ತು. 'ಇಬ್ಬರೂ ಒಪ್ಪಿದ್ದಾರೆ. ಬೇರ್ಪಡಿಸಲೇ?' ಎಂದು ಕಂಪ್ಯೂಟರ್ ವಿನಯದಿಂದ ಕೇಳಿತು. ಪ್ರಭು ಖುಷಿಯಿಂದ ಎದ್ದು ರೇಷ್ಮೆ ತೂಗಿಟ್ಟು ಬಂದ.

ಚಿತ್ತಮ್ಮ ಮೇಜು ಬಳಸಿ ಬಂದು ಪರದೆಯ ಮುಂದೆ ನಿಂತಳು. ಗಂಡನ ಚೌಕ ಯಾವುದೆಂದು ಕೇಳಿ ತಿಳಿದುಕೊಂಡಳು. "ಇದು ಅವ್ರು ಹೂಂ ಅಂದಂಗಾ?" ಎಂದಳು. ಹೌದೆಂದು ಪ್ರಭು ತಲೆಯಾಡಿಸಿದ. ಮನೆಯ ತೆಲುಗಿನಲ್ಲಿ ಬೊಮ್ಮಯ್ಯನ ಬಾಯಿಗೆ ಸಲೀಸಾಗಿ ಬರುತ್ತಿದ್ದ ಮಾತು ಒಂದೇ: 'ವದ್ದು', ಬೇಡ. ಒಂದು ದಿನ ನಾನೇ ಕೂತು ನೇಯುತ್ತೇನೆ ಎಂದರೆ ವದ್ದು. ಈ ಸಲ ಅಂಚಿಗೆ ಹಸಿರು ಹಾಕೋಣ ಎಂದರೆ ವದ್ದು. ತವರಿಗೆ ಹೋಗಿ ಬರುತ್ತೇನೆ ಎಂದರೂ ವದ್ದು. ಮೂವತ್ತೊಂದು ವರ್ಷ ಕೇಳಿ ಕೇಳಿ ಅವಳಿಗೆ ಸಾಕಾಗಿ ಹೋಗಿತ್ತು.

"ಅದ್ನ ತೆಗ್ದು ಇನ್ನೊಂದ್ಸಲ ಒತ್ತು" ಎಂದಳು. ಪ್ರಭು ತೆಗೆದು ಒತ್ತಿದ. ಎರಡು ಗುರುತೂ ಒಟ್ಟಿಗೇ ಬಿದ್ದವು. ಮತ್ತೊಮ್ಮೆ ಎಂದಳು. ಐದನೆಯ ಸಲಕ್ಕೆ ಅವಳ ಕಣ್ಣು ತುಂಬಿ ಬಂದಿತ್ತು, ನಗುತ್ತಲೂ ಇದ್ದಳು.

"ರೇಷ್ಮೆ ತೂಗಿಟ್ಟೀನಿ. ಬೇರ್ಪಡಿಸ್ಲಾ ಅಕ್ಕಾ?"

ಚಿತ್ತಮ್ಮ ಖಾಲಿ ಚೀಲವನ್ನು ಮಡಚಿ ಕಂಕುಳಿಗೆ ಸೇರಿಸಿದಳು.

"ಇವತ್ತು ಬ್ಯಾಡ ಬಿಡಪ್ಪ. ಈಗ್ತಾನೆ ಒಪ್ಪೋದು ಕಲ್ತಾರೆ."