ಕೆಂಪು ಚಟ್ನಿಯ ಪಾಠ

ರಾಯರಿಗೆ ಮನೆಯ ತಿಂಡಿ ಎಂದರೆ ತಾತ್ಸಾರ. ಬೆಳಿಗ್ಗೆ ಏಳಕ್ಕೆಲ್ಲ ಬೀದಿ ತುದಿಯ ಹೋಟೆಲಿನಲ್ಲಿ ಕಿಟಕಿ ಪಕ್ಕದ ಮೇಜು ಹಿಡಿದು ಕೂತುಬಿಡುತ್ತಿದ್ದರು. ಬೆಣ್ಣೆ ಜಾರುವ ಮಸಾಲೆ ದೋಸೆ, ಒಳಗೆ ಸವರಿದ ಕೆಂಪು ಚಟ್ನಿ, ಮೇಲೊಂದು ಹಬೆಯಾಡುವ ಕಾಫಿ.

"ಚಟ್ನಿ ಅಂದ್ರೆ ಇದು ಕಣ್ರೀ!" ಎಂದು ಹಲ್ಲಿಗೆ ಕಡ್ಡಿ ಆಡಿಸುತ್ತ ನಾಲ್ಕು ಮೇಜಿಗೆ ಕೇಳುವಂತೆ ಹೇಳುತ್ತಿದ್ದರು. "ನಮ್ಮನೇಲೂ ಒಬ್ಬಳಿದ್ದಾಳೆ. ದೇವರಿಗಿಂತ ಮುಂಚೆ ನಾಲಿಗೆಗೆ ಇಡಬಾರದಂತೆ! ಜನ್ಮದಲ್ಲಿ ಒಂದು ದಿನ ಉಪ್ಪು ನೋಡಿ ಅಡುಗೆ ಮಾಡಿದವಳಲ್ಲ."

ಗಲ್ಲಾದಲ್ಲಿ ಕೂತ ಮಾಲೀಕರು ತಲೆ ತಗ್ಗಿಸಿ ಚಿಲ್ಲರೆ ಎಣಿಸತೊಡಗುತ್ತಿದ್ದರು.

ರಾಯರಿನ್ನೂ ಗೊರಕೆ ಹೊಡೆಯುವಾಗಲೇ ಹೆಂಡತಿ ದೇವಸ್ಥಾನಕ್ಕೆಂದು ಹೋಗಿ ಬರುತ್ತಿದ್ದಳು. ಆ ಭಕ್ತಿಗೂ ಅವರು ಮೂಗು ಮುರಿಯುತ್ತಿದ್ದರು.

ಒಂದು ದಿನ ಅವಳಿಗೆ ಬುದ್ಧಿ ಕಲಿಸಲೆಂದೇ ಒಂದು ದೋಸೆ ಕಟ್ಟಿಸಿಕೊಂಡು ಬಂದರು. ಪೊಟ್ಟಣ ಬಿಚ್ಚಿ ಅವಳ ಮುಂದೆ ತಳ್ಳಿದರು.

"ತಿನ್ನು. ಆ ಚಟ್ನಿ ನೆಕ್ಕಿ ನೋಡು. ಏಳು ಜನ್ಮ ಎತ್ತಿದ್ರೂ ನಿನ್ನ ಕೈಲಿ ಇಂಥದ್ದು ಆಗುತ್ತೇನೇ?"

ಅವಳು ಕೈ ತೊಳೆದು ಬಂದು ಕೂತಳು. ಬೆರಳ ತುದಿಗೆ ಚಟ್ನಿ ತೆಗೆದುಕೊಂಡು, ಕಣ್ಣು ಮುಚ್ಚಿ ನಿಧಾನವಾಗಿ ಚಪ್ಪರಿಸಿದಳು.

"ಏನು, ಮಾತೇ ನಿಂತು ಹೋಯ್ತಾ?" ರಾಯರು ನಕ್ಕರು.

"ಉಪ್ಪು ಒಂಚೂರು ಮುಂದಾಗಿದೆ ರೀ," ಎಂದಳು ಅವಳು. "ಮಾಡುವಾಗ ನಾನು ರುಚಿ ನೋಡಲ್ವಲ್ಲ; ನಾಳೆ ಹೋಟ್ಲಿಗೆ ರುಬ್ಬುವಾಗ ಕಮ್ಮಿ ಹಾಕ್ತೀನಿ."