ಹನ್ನೊಂದನೇ ದೂರು

ತಂತಿ ತಾನಾಗಿ ಸಡಿಲವಾಗಿರಲಿಲ್ಲ. ಯಾರೋ ಬೆರಳು ಹಾಕಿ ಎಳೆದಿದ್ದರು. ಹೊನ್ನೂರಸ್ವಾಮಿ ಯಂತ್ರದ ಹಿಂದಿನ ಮುಚ್ಚಳದ ಧೂಳು ಊದಿ, ಕೆಮ್ಮಿ, ಮತ್ತೊಮ್ಮೆ ನೋಡಿದ. ಮನೆಯಲ್ಲಿ ಇರುವವಳು ಶಾಹಜಾನಬಿ ಒಬ್ಬಳೇ. ಕಳ್ಳರನ್ನು ದೂರ ಹುಡುಕಬೇಕಾಗಿರಲಿಲ್ಲ.

ಕಂಟೋನ್ಮೆಂಟಿನ ಈ ಮನೆಯಿಂದ ಇದು ಹನ್ನೊಂದನೇ ದೂರು. ಗುರುವಾರ ಬಂತೆಂದರೆ ಫೋನು: ಗಾಳಿ ಶುದ್ಧ ಮಾಡುವ ಯಂತ್ರ ಬಂದ್ ಬಿದ್ದೈತಿ. ಅಂಗಡಿಯ ಮಾಲೀಕ ಸುಂಕಪ್ಪ ಬೆಳಿಗ್ಗೆ ಮುಖಕ್ಕೆ ಹೊಡೆದಂತೆ ಹೇಳಿದ್ದ: "ಒಂದಾ ಯಂತ್ರ ಕೆಟ್ಟೈತಿ, ಇಲ್ಲಾ ನಿನಗ ಕೆಲಸ ಬರಂಗಿಲ್ಲ. ಯಾವುದು ಅಂತ ಇವತ್ತು ಬರಸ್ಕೊಂಡು ಬಾ."

ಗಿರಾಕಿಯೇ ಕೆಡಿಸಿದ್ದಾರೆ ಎಂದು ಬರೆದು ಸಹಿ ಹಾಕಿಸಿದರೆ ಅವನ ಕೆಲಸ ಉಳಿಯುತ್ತಿತ್ತು. ಈ ಮನೆಯ ಬಿಟ್ಟಿ ಸರ್ವಿಸ್ ನಿಲ್ಲುತ್ತಿತ್ತು. ಅದರ ಜೊತೆ ಗುರುವಾರವೂ ನಿಲ್ಲುತ್ತಿತ್ತು.

ಸಂಕಟ ಇದ್ದದ್ದು ಅಲ್ಲೇ. ಬಾದನಹಟ್ಟಿಯಲ್ಲಿ ಅವ್ವ ಹೋದ ಮೇಲೆ ಅವನ ದಾರಿ ನೋಡುವವರು ಯಾರೂ ಇರಲಿಲ್ಲ. ರೈಲ್ವೆ ಸೈಡಿಂಗಿನ ಪಕ್ಕ ಬಾಡಿಗೆ ಕೋಣೆ. ಚೀನಾಕ್ಕೆ ಹೊರಟ ಅದಿರು ಹಗಲೆಲ್ಲ ಅಲ್ಲೇ ವ್ಯಾಗನ್ನಿಗೆ ಬೀಳುತ್ತಿತ್ತು. ಸಂಜೆ ಹೋದರೆ ಹಾಸಿಗೆಯೂ ಕೆಂಪು, ನೀರಿನ ಕೊಡವೂ ಕೆಂಪು. ಹೋಟೆಲಿನ ಊಟ ಮುಗಿಸಿ ಗೋಡೆ ನೋಡುತ್ತ ಮಲಗುವುದು. ಇಡೀ ಬಳ್ಳಾರಿಯಲ್ಲಿ ಅವನಿಗೆ 'ಕುಂದ್ರಪ್ಪ' ಎನ್ನುವವಳು ಈ ಮುದುಕಿ ಒಬ್ಬಳೇ.

ಯಂತ್ರ ಕೂರಿಸಲು ಮೊದಲ ಸಲ ಬಂದಾಗ ಅವನೇ ಬಿಡಿಸಿ ಹೇಳಿದ್ದ. "ಒಳಗ ತಗಡಿನ ನಡುವ ಸಣ್ಣ ಮಿಂಚು ಹುಟ್ಟತೈತಮ್ಮ. ಗಾಳಿ ಕಾಯಂಗಿಲ್ಲ, ತಣ್ಣಗ ಇರತೈತಿ. ಆದ್ರ ಗಾಳಿಗೆ ಕರೆಂಟು ಹತ್ತತೈತಿ. ಆ ಕರೆಂಟು ಧೂಳಿಗೆ ಅಂಟಿ ತಗಡಿಗೆ ಎಳೀತೈತಿ. ನಾತ, ಕ್ರಿಮಿ ಅಲ್ಲೇ ಮುರೀತಾವ."

"ಎದಿಯಾಗ ಕುಂತ ಧೂಳನ್ನ ತಗೀತೈತೇನು?"

"ಇಲ್ಲಮ್ಮ. ಹೊಸದು ಹೋಗದಂಗ ನೋಡತೈತಿ, ಅಷ್ಟ."

"ಅಷ್ಟ ಸಾಕು," ಎಂದಿದ್ದಳು. ಅವಳ ಗಂಡ ಕರೀಮಸಾಬ್ ಅದಿರಿನ ಲಾರಿ ಓಡಿಸುತ್ತಿದ್ದವನು. ಯಂತ್ರ ಮನೆಗೆ ಬಂದ ಹದಿನೈದೇ ದಿನಕ್ಕೆ ತೀರಿಕೊಂಡಿದ್ದ.

ಆಮೇಲೆ ಬಂದ ಮೊದಲ ದೂರಿನಿಂದ ಒಂದೇ ಕ್ರಮ. ತಂತಿ ಸೇರಿಸಿದ ಕೂಡಲೇ, "ಒಂದು ತಾಸು ಓಡಿಸಿ ನೋಡು," ಎಂದು ಕಿಟಕಿ ಬಾಗಿಲು ಮುಚ್ಚಿ, ಅವನನ್ನು ಯಂತ್ರದ ಎದುರಿಗೇ ಕೂರಿಸುತ್ತಿದ್ದಳು. ತಾನು ಜಪದ ತಸ್ಬಿ ಹಿಡಿದು ಮೂಲೆ ಸೇರುತ್ತಿದ್ದಳು. ಮಾತಿಲ್ಲ, ಕತೆಯಿಲ್ಲ. ಮಣಿಗಳೂ ಸೋಮಾರಿ, ಒಮ್ಮೆ ಎರಡು ಮೂರು ಸರಸರ ಸರಿದರೆ ಆಮೇಲೆ ಎಷ್ಟೋ ಹೊತ್ತು ಸುಮ್ಮನೆ. ವಯಸ್ಸಾದ ಜೀವ, ನಡುವೆ ತೂಕಡಿಸುತ್ತಾಳೆ ಎಂದುಕೊಂಡಿದ್ದ. ಅರ್ಧ ತಾಸಾಗುತ್ತಲೇ ಮತ್ತೆ ಮೊದಲ ಮಣಿಗೆ ಬರುತ್ತಿದ್ದಳು. ಅವನು ಹೊರಡುವಾಗ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಎರಡು ಅಂಕಿ ಬರೆಯುತ್ತಿದ್ದಳು. ಮೂವತ್ತೊಂದು, ಹನ್ನೆರಡು. ಇಪ್ಪತ್ತಾರು, ಒಂಬತ್ತು. ಕರೆಂಟಿನ ಮೀಟರು ಇರಬೇಕು.

ಇವತ್ತು ಅವನು ಕೂರಲಿಲ್ಲ. ಕಾಗದ ಮುಂದೆ ಹಿಡಿದ.

"ಅಮ್ಮ, ತಂತಿ ನೀವಾ ಕಿತ್ತೀರಿ."

"ಹೂನಪ್ಪ. ಹನ್ನೊಂದು ಸಲನೂ." ಓದದೆ ಸಹಿ ಹಾಕಿಕೊಟ್ಟಳು.

ಗೆದ್ದೆ ಅನ್ನಿಸಲಿಲ್ಲ. ಕಾಗದ ಮಡಚಿ ಜೇಬಿಗಿಟ್ಟ. "ಒಬ್ರಾ ಇದ್ದು ಬ್ಯಾಸರಾದ್ರ ಸುಮ್ನ ಕರೀರಿ, ಮಾತಾಡಾಕ ಬರ್ತೀನಿ. ಯಂತ್ರ ಯಾಕ ಕೆಡಸ್ತೀರಿ?"

"ನಿನ್ನ ಕೂಡ ನಾ ಯಾವತ್ತು ಮಾತಾಡೀನಪ್ಪ?"

ಅದೂ ನಿಜವೇ. ಅವಳು ತಸ್ಬಿ ಹಿಡಿದೇ ಎದ್ದು ಕ್ಯಾಲೆಂಡರು ಎತ್ತಿದಳು. ಅದೇ ಮೊಳೆಗೆ, ಅಡಿಯಲ್ಲಿ, ಹೋದ ವರ್ಷದ್ದು. ಹಾಳೆ ಮಗುಚುತ್ತ ಹೋದಳು. ದಿನಕ್ಕೊಂದು ಅಂಕಿ. ಹದಿನೈದು. ನಲವತ್ತು. ತೊಂಬತ್ತು. ಕರೀಮಸಾಬ್ ಹೋದ ದಿನದಿಂದಾಚೆ ಎಲ್ಲ ಖಾಲಿ.

"ಅವರಿಗೆ ಹೇಳಿದೆ, ನಕ್ಕರು. ನಿನಗ ಹೇಳಿದ್ರ ನೀನೂ ನಗ್ತಿದ್ದಿ. ಯಂತ್ರ ಕೆಟ್ಟೈತಿ ಅಂದ್ರ ಓಡಿ ಬರ್ತಿ."

ಏನು ಹೇಳಬೇಕಿತ್ತು ಎಂದು ಕೇಳಲು ಹೊನ್ನೂರಸ್ವಾಮಿ ಬಾಯಿ ತೆರೆದ. ಮಾತಿಗೆ ಮೊದಲು ಕೆಮ್ಮು ಬಂತು.

ಅವಳ ಬೆರಳಲ್ಲಿ ತಸ್ಬಿಯ ಒಂದು ಮಣಿ ಸರಿಯಿತು.